ಗೋಡೆಯೊಳಗಿನ ಪಂಜರ: ಲಿಸ್ಬನ್‌ನ ಕೇರಿಗಳಲ್ಲಿ ನಡೆದಾಡಿದ್ದು

ಸಂಘದ ಎಡಿಟರ್ ನಮ್ಮ ಹತ್ತಿರ ಕೇಳಿದ್ದು ಪ್ರವಾಸಕಥನ. ಬರೆಯೋಕೆ ಕೂತಾಗ ಅದು ಫೋಟೊಗಳಿಗೆ ಕ್ಯಾಪ್ಶನ್ ಹಾಕಿದ ಹಾಗೆ ಆಗ್ತಾ ಹೋಯ್ತು. ಅದಕ್ಕೇ ಒಂದು ಪಾಠದ ತರ ಬರೀತಾ ಇದ್ದೀವಿ: ಒಂದು ಹಳೇ ಊರನ್ನ ಗೈಡ್ ಜೊತೆ ನಡೆದು ನೋಡೋದು ಹೇಗೆ, ಹಾಗೆ ನೋಡಿದಾಗ ಏನು ಕಾಣುತ್ತೆ. ಊರು ಲಿಸ್ಬನ್, ಪೋರ್ಚುಗಲ್ ದೇಶದ ರಾಜಧಾನಿ. 2025ರ ಜುಲೈನಲ್ಲಿ, ಫಸ್ಟ್ ಇಯರ್ ಮುಗಿದ ಮೇಲೆ, ಒಂದು ಸಮ್ಮರ್ ಸ್ಕೂಲ್‌ಗೆ ಅಂತ ನಾವು ಐದು ಜನ ಎರಡು ವಾರ ಅಲ್ಲಿದ್ವಿ. ಮೂವರು ಸಿವಿಲ್, ಒಬ್ಬಳು ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ನಾಲ್ವರು ಇಂಗ್ಲಿಷ್ ಮೀಡಿಯಂ ಗಿರಾಕಿಗಳು. ಐದನೆಯವನು ಹುಬ್ಬಳ್ಳಿಯವನು, ನಮ್ಮ ಒತ್ತಕ್ಷರಗಳನ್ನೆಲ್ಲ ತಿದ್ದಿದವನು ಅವನೇ. ಉಳಿದ ತಪ್ಪುಗಳೂ ಅವನದೇ ಅಂತ ತಿಳ್ಕೊಳ್ಳಿ.

ಮೊದಲು ಈ ನಡಿಗೆಗಳ ವ್ಯವಸ್ಥೆ ಹೇಳಿಬಿಡ್ತೀವಿ. ಯುರೋಪಿನ ಹಳೇ ಊರುಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಯಾವುದಾದರೂ ದೊಡ್ಡ ಚೌಕಕ್ಕೆ ಹೋದರೆ ಬಣ್ಣದ ಛತ್ರಿ ಹಿಡಿದು ಯಾರೋ ನಿಂತಿರ್ತಾರೆ. ಆನ್‌ಲೈನ್‌ನಲ್ಲಿ ಹೆಸರು ಕೊಟ್ಟವರು ಅವರ ಸುತ್ತ ಸೇರ್ತಾರೆ. ಎರಡು, ಎರಡೂವರೆ ಗಂಟೆ ನಡಿಗೆ. ಕೆಲವಕ್ಕೆ ಟಿಕೆಟ್ ಇದೆ, ಕೆಲವು ಫ್ರೀ. ಫ್ರೀ ಅಂದರೆ ಕೊನೆಯಲ್ಲಿ ನಿಮಗೆ ತೋಚಿದಷ್ಟು ಕೊಡೋದು. ಮೊದಲ ದಿನ ನಾವು ಐದೂ ಜನ ಸೇರಿ 10 ಯೂರೊ ಕೊಟ್ವಿ. ನಮ್ಮ ಲೆಕ್ಕದಲ್ಲಿ ಅದು ಸಾವಿರ ರೂಪಾಯಿ, ದೊಡ್ಡ ದುಡ್ಡು. ಗೈಡ್ ನಗ್ತಾನೇ ತಗೊಂಡ್ರು. ಮಾರನೇ ದಿನ ಇನ್ನೊಬ್ಬ ಗೈಡ್ ಬಿಡಿಸಿ ಹೇಳಿದ ಮೇಲೆ ಗೊತ್ತಾಯ್ತು: ಇಂಥ ಎಷ್ಟೋ ಟೂರ್‌ಗಳಲ್ಲಿ ಬಂದವರ ತಲೆಗೆ ಇಷ್ಟು ಅಂತ ಗೈಡೇ ಕಂಪನಿಗೆ ಕಟ್ಟಬೇಕಂತೆ. ಅಂದರೆ ಅವತ್ತು ಎರಡೂವರೆ ಗಂಟೆ ಗಂಟಲು ಹರ್ಕೊಂಡು ಪಾಠ ಮಾಡಿದವರ ಜೇಬಿಂದಲೇ ನಾವು ಸ್ವಲ್ಪ ಕಿತ್ತುಕೊಂಡಿರೋ ಸಾಧ್ಯತೆ ಇದೆ. ಆಮೇಲೆ ಅವರನ್ನ ಹುಡುಕಿದ್ವಿ, ಸಿಗಲಿಲ್ಲ. ಹೋಗೋರು ಇದೊಂದನ್ನ ನೆನಪಿಡಿ, ಬಜೆಟ್‌ನಲ್ಲಿ ಮೊದಲೇ ಇಟ್ಕೊಳ್ಳಿ.

ಮೊದಲ ನಡಿಗೆ ಬೈಶಾ ಅನ್ನೋ ಕೇರಿಯಲ್ಲಿ. ಬೈಶಾ ಅಂದರೆ ತಗ್ಗು, ಎರಡು ಗುಡ್ಡಗಳ ನಡುವಿನ ತಗ್ಗು ಜಾಗ. ಶುರುವಾಗೋದು ರೊಸ್ಸಿಯು ಚೌಕದಿಂದ. ನೆಲಕ್ಕೆಲ್ಲ ಕಪ್ಪು ಬಿಳಿ ಸಣ್ಣ ಕಲ್ಲುಗಳನ್ನ ಅಲೆ ಅಲೆಯಾಗಿ ಕೂಡಿಸಿದ್ದಾರೆ, ಬಿಳಿಯದು ಸುಣ್ಣಕಲ್ಲು, ಕಪ್ಪು ಬಸಾಲ್ಟ್. ಸಮತಟ್ಟಾದ ನೆಲದ ಮೇಲೆ ನಿಂತಿದ್ದರೂ ಕಾಲು ತೂಗಿದ ಹಾಗೆ ಅನ್ನಿಸುತ್ತೆ. ಮಳೆ ಬಂದರೆ ಜಾರುತ್ತೆ ಅಂತ ಊರವರೇ ಬೈಕೊಳ್ತಾರಂತೆ.

1755ರ ನವೆಂಬರ್ 1, ಶನಿವಾರ, ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಊರಿಗೆ ಊರೇ ಚರ್ಚುಗಳಲ್ಲಿತ್ತು, ಎಲ್ಲ ಕಡೆ ಮೇಣದಬತ್ತಿ ಉರೀತಿತ್ತು. ಆಗ ಭೂಮಿ ನಡುಗಿತು. ಇವತ್ತಿನ ಅಂದಾಜಿನಲ್ಲಿ ಅದರ ತೀವ್ರತೆ 8.5ರಿಂದ 9ರ ಆಸುಪಾಸು. ಕಟ್ಟಡ ಬೀಳ್ತಾ ಇದ್ದಾಗ ಜನ ಬಯಲು ಹುಡುಕಿ ನದಿ ದಂಡೆಗೆ ಓಡಿದರು. ತೇಜೊ ನದಿ ಅಲ್ಲಿ ಸಮುದ್ರ ಸೇರೋ ಹೊತ್ತಿನದು, ಕೆರೆಯಷ್ಟು ಅಗಲ. ಮುಕ್ಕಾಲು ಗಂಟೆಯೊಳಗೆ ಸುನಾಮಿ ಬಂತು, ಅದೂ ದಂಡೆಗೆ ಓಡಿದವರ ಮೇಲೆಯೇ. ಇತ್ತ ಬಿದ್ದ ಮೇಣದಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಅರಮನೆ, ಅದರ ಗ್ರಂಥಾಲಯ, ಅದೇ ವರ್ಷ ಬಾಗಿಲು ತೆರೆದಿದ್ದ ಒಪೆರಾ ಮಂದಿರ, ಎಲ್ಲ ಹೋಯಿತು. ಸತ್ತವರ ಲೆಕ್ಕ ಒಂದು ಪುಸ್ತಕದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇಲ್ಲ, ಹತ್ತಾರು ಸಾವಿರ ಅನ್ನೋದು ಮಾತ್ರ ಖಚಿತ. ರಾಜ ಮೊದಲನೇ ಜೊಸೆ ಊರಾಚೆ ಬೆಲೆಂ ಕಡೆ ಇದ್ದಿದ್ದರಿಂದ ಬದುಕಿಕೊಂಡ. ಆಮೇಲೆ ಅವನಿಗೆ ಕಲ್ಲಿನ ಮನೆ ಅಂದರೆ ಎಷ್ಟು ಭಯ ಬಂತು ಅಂದರೆ, ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು ಸಾಯೋವರೆಗೂ ಅದರಲ್ಲೇ ಇದ್ದ.

ಅಧಿಕಾರವೆಲ್ಲ ಮಂತ್ರಿಯ ಕೈಗೆ ಬಂತು. ಮುಂದೆ ಪೊಂಬಾಲ್ ಅನ್ನೋ ಬಿರುದಿನಿಂದ ಹೆಸರಾದವನು. ಹೆಣಗಳನ್ನ ದೋಣಿಗೆ ತುಂಬಿ ಸಮುದ್ರಕ್ಕೆ ಬಿಡಿಸಿದ, ರೋಗ ಹರಡಬಾರದು ಅಂತ. ಲೂಟಿ ಮಾಡೋರಿಗೆ ಕಾಣೋ ಹಾಗೆ ಎತ್ತರದಲ್ಲಿ ಗಲ್ಲುಗಂಬ ನಿಲ್ಲಿಸಿದ. ಮನೆ ಬಾಡಿಗೆ ಏರಿಸಬಾರದು ಅಂತ ಆಜ್ಞೆ ಮಾಡಿದ (ಈ ಮಾತು ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತೆ). ನಕ್ಷೆ ಆಗೋವರೆಗೂ ಯಾರೂ ಕಟ್ಟಬಾರದು ಅಂತ ತಡೆದ. ಇನ್ನೊಂದು ಕೆಲಸ ಮಾಡಿದ, ಅದು ನಮಗೆ ಬಹಳ ಇಷ್ಟ ಆಯ್ತು: ದೇಶದ ಎಲ್ಲ ಚರ್ಚುಗಳ ಪಾದ್ರಿಗಳಿಗೆ ಒಂದು ಪ್ರಶ್ನಾವಳಿ ಕಳಿಸಿದ. ಎಷ್ಟು ಹೊತ್ತು ನಡುಗಿತು, ಯಾವ ಕಡೆಯಿಂದ ಜೋರಾಗಿತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಬಾವಿ ನೀರಿಗೆ ಏನಾಯಿತು, ನೆಲ ಎಲ್ಲಿ ಬಿರಿಯಿತು. ಭೂಕಂಪಶಾಸ್ತ್ರ ಅನ್ನೋ ಹೆಸರು ಹುಟ್ಟೋಕೆ ಮುಂಚೆಯೇ ಮಾಡಿದ ಡೇಟಾ ಕಲೆಕ್ಷನ್ ಅದು. ನಮ್ಮ ಕಂಪ್ಯೂಟರ್ ಸೈನ್ಸ್ ಹುಡುಗ ಇಡೀ ಟೂರ್‌ನಲ್ಲಿ ಕಿವಿ ನಿಮಿರಿಸಿದ್ದು ಇಲ್ಲೇ. ಅದೇ ಕಾಲಕ್ಕೆ ಮಲಗ್ರಿದಾ ಅನ್ನೋ ಜೆಸ್ವಿಟ್ ಪಾದ್ರಿ, ಇದು ದೇವರ ಶಿಕ್ಷೆ, ಕಟ್ಟೋದು ಬಿಟ್ಟು ಪ್ರಾಯಶ್ಚಿತ್ತ ಮಾಡ್ಕೊಳ್ಳಿ ಅಂತ ಸಾರುತ್ತಿದ್ದ. ಅವನನ್ನ 1761ರಲ್ಲಿ ಇದೇ ರೊಸ್ಸಿಯು ಚೌಕದಲ್ಲಿ ಕತ್ತು ಹಿಸುಕಿ ಕೊಂದು ಸುಟ್ಟರು. ವಿಜ್ಞಾನದ ಕಡೆ ಇದ್ದವನು ಒಳ್ಳೆಯವನು ಅಂತ ನಾವು ತಲೆಯಲ್ಲಿ ಬರ್ಕೊಳ್ಳೋ ಹೊತ್ತಿಗೆ ಗೈಡ್ ಈ ಮಾತು ಹೇಳಿ ಸುಮ್ಮನಾದರು.

ಈಗ ಎಂಜಿನಿಯರಿಂಗ್. ರಾಜ್ಯದ ಮುಖ್ಯ ಎಂಜಿನಿಯರ್ ಮಾನುಯೆಲ್ ದ ಮಾಯಾ. ಹುಟ್ಟಿದ್ದು 1677, ಅಂದರೆ ಭೂಕಂಪದ ಹೊತ್ತಿಗೆ 78 ವರ್ಷ. ಲಿಸ್ಬನ್‌ಗೆ ನೀರು ತರೋ ಆಗುವಾಸ್ ಲಿವ್ರೆಸ್ ಮೇಲ್ಗಾಲುವೆಯಲ್ಲಿ ಕೆಲಸ ಮಾಡಿದ್ದವನು. ಆಲ್ಕಾಂತರಾ ಕಣಿವೆಯನ್ನ ಅದು ದಾಟೋ ಜಾಗದಲ್ಲಿ ಅತಿ ಎತ್ತರದ ಕಮಾನು ಸುಮಾರು 65 ಮೀಟರ್, ಮತ್ತು ಆ ಭೂಕಂಪದಲ್ಲಿ ಅದು ಬೀಳಲಿಲ್ಲ. ಈ ಮುದುಕ ಅನಾಹುತ ಆಗಿ ಐದು ವಾರದೊಳಗೆ ತನ್ನ ವರದಿಯ ಮೊದಲ ಭಾಗ ಕೊಟ್ಟ. ಮುಂದೆ ಇಟ್ಟ ದಾರಿಗಳು ಐದು: ಇದ್ದ ಹಾಗೇ ಮತ್ತೆ ಕಟ್ಟೋದು, ಬೀದಿ ಅಗಲ ಮಾಡಿ ಕಟ್ಟೋದು, ಬೀದಿ ಅಗಲ ಮಾಡಿ ಮನೆಗಳ ಎತ್ತರಾನೂ ಇಳಿಸೋದು, ತಗ್ಗಿನ ಕೇರಿಯನ್ನ ಪೂರ್ತಿ ನೆಲಸಮ ಮಾಡಿ ಹೊಸ ನಕ್ಷೆ ಹಾಕೋದು, ಇಲ್ಲಾ, ಈ ಜಾಗವೇ ಬೇಡ, ಬೆಲೆಂ ಕಡೆ ಹೊಸ ಊರು ಕಟ್ಟೋದು. ಪ್ರತಿಯೊಂದರ ಒಳ್ಳೇದು ಕೆಟ್ಟದ್ದು ತೂಗಿ ಬರೆದಿದ್ದ. ನಾವು ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಆಲ್ಟರ್ನೇಟಿವ್ಸ್ ಅನ್ನೋ ಹೆಡ್ಡಿಂಗ್ ಕೆಳಗೆ ಎರಡು ಸಾಲು ಗೀಚ್ತೀವಲ್ಲ, ಅದನ್ನ ನೆನೆಸಿಕೊಂಡು ನಾಚಿಕೆ ಆಯ್ತು. ಆರಿಸಿದ್ದು ನಾಲ್ಕನೇ ದಾರಿ. ಎವುಜೆನಿಯು ದೊಸ್ ಸಾಂತೊಸ್, ಕಾರ್ಲೊಸ್ ಮಾರ್ಡೆಲ್ ಅನ್ನೋ ಇಬ್ಬರು ನಕ್ಷೆ ಬೆಳೆಸಿದರು. ಚದುರಂಗದ ಮನೆಗಳ ಹಾಗೆ ನೇರ ಬೀದಿಗಳು ಬಂದವು. 1760ರ ಆಜ್ಞೆಯಲ್ಲಿ ಬೀದಿಗೊಂದು ಕಸುಬು ಹಂಚಿದರು: ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಪ್ಪಲಿ ಹೊಲಿಯೋರ ಬೀದಿ. ನಮ್ಮ ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಹೆಸರುಗಳು ಇವತ್ತೂ ಇವೆ, ಅಂಗಡಿಗಳಲ್ಲಿ ಮಾತ್ರ ಫ್ರಿಜ್ ಮ್ಯಾಗ್ನೆಟ್.

ಆದರೆ ನಿಜವಾದ ಸಂಗತಿ ಗೋಡೆಯೊಳಗಿದೆ, ಹೊರಗಿಂದ ಕಾಣಲ್ಲ. ಅದರ ಹೆಸರು ಗಾಯೊಲಾ, ಅಂದರೆ ಪಂಜರ. ಕಲ್ಲು ಗಾರೆಯ ಗೋಡೆ ಭಾರ ಹೊರುತ್ತೆ, ಅಡ್ಡಡ್ಡ ಅಲ್ಲಾಡಿಸಿದರೆ ಬಿರಿಯುತ್ತೆ. ಅದಕ್ಕೆ ಒಳಗೋಡೆಗಳಲ್ಲಿ ಮರದ ಚೌಕಟ್ಟು ಕೂಡಿಸಿದರು: ನಿಂತ ತೊಲೆ, ಅಡ್ಡ ತೊಲೆ, ಪ್ರತಿ ಚೌಕದಲ್ಲೂ ಇಂಟು ಗುರುತಿನ ಹಾಗೆ ಎರಡು ಓರೆ ತೊಲೆ. ಮಧ್ಯದ ಜಾಗಕ್ಕೆ ಕಲ್ಲುಚೂರು, ಗಾರೆ ತುಂಬಿ ಮೇಲೆ ಗಿಲಾವು ಮಾಡಿದರೆ ಮಾಮೂಲಿ ಗೋಡೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಟ್ರಸ್ ಲೆಕ್ಕ ಮಾಡುವಾಗ ಕೇಳಿದ್ದು ನೆನಪಿರಬಹುದು, ನಾಲ್ಕು ಕಡ್ಡಿಯ ಚೌಕವನ್ನ ಪಕ್ಕಕ್ಕೆ ತಳ್ಳಿದರೆ ವಾಲುತ್ತೆ, ತ್ರಿಕೋನ ವಾಲಲ್ಲ. ಆ ಓರೆ ತೊಲೆಗಳು ಚೌಕವನ್ನ ತ್ರಿಕೋನ ಮಾಡುತ್ತವೆ. ಮರ, ಮರದ ಕೂಡುಗಳು ಸ್ವಲ್ಪ ಬಾಗಿ, ಉಜ್ಜಿಕೊಂಡು ಭೂಕಂಪದ ಶಕ್ತಿಯನ್ನ ತಿಂದುಕೊಳ್ಳುತ್ತವೆ. ಗೋಡೆಯ ಗಾರೆ ಉದುರಬಹುದು, ಮಹಡಿ ತಲೆ ಮೇಲೆ ಬರಬಾರದು, ಇಷ್ಟೇ ಲೆಕ್ಕ. ಕಾಶ್ಮೀರದ ಹಳೇ ಮನೆಗಳ ಧಜ್ಜಿ ದೇವಾರಿ ಗೋಡೆಯಲ್ಲೂ ಇದೇ ಯೋಚನೆ ಇದೆ. ಪಂಜರ ಶುರುವಾಗೋದು ಮೊದಲನೇ ಮಹಡಿಯಿಂದ. ಕೆಳಗಡೆ ಕಲ್ಲಿನ ಕಮಾನು, ಅಂಗಡಿಯಲ್ಲಿ ಬೆಂಕಿ ಹತ್ತಿದರೆ ಮೇಲೆ ಹೋಗಬಾರದು ಅಂತ. ಮನೆ ಮನೆ ನಡುವೆ ಚಾವಣಿಗಿಂತ ಎತ್ತರದ ಬೆಂಕಿಗೋಡೆ. ಕತ್ತೆತ್ತಿ ನೋಡಿದರೆ ಅದು ಈಗಲೂ ಕಾಣುತ್ತೆ, ನಾವು ಅಲ್ಲಿ ಮೂರು ಸಲ ಓಡಾಡಿದ್ದರೂ ಗೈಡ್ ಬೆರಳು ತೋರಿಸೋವರೆಗೂ ನೋಡಿರಲಿಲ್ಲ. ಮಾದರಿ ಪಂಜರ ಕಟ್ಟಿ, ಸುತ್ತ ಸೈನಿಕರನ್ನ ಹೆಜ್ಜೆ ಕುಟ್ಟಿಸಿ ನೆಲ ನಡುಗಿಸಿ ಪರೀಕ್ಷೆ ಮಾಡಿದರು ಅಂತಲೂ ಹೇಳ್ತಾರೆ. ಶೇಕ್ ಟೇಬಲ್ ಇಲ್ಲದ ಕಾಲದಲ್ಲಿ ಸೈನ್ಯವೇ ಶೇಕ್ ಟೇಬಲ್!

ತಳಪಾಯ ಇನ್ನೂ ಮಜಾ. ಬೈಶಾ ಇರೋದು ಹಳ್ಳ ತಂದು ಹಾಕಿದ ಮೆತ್ತನೆ ಮಣ್ಣಿನ ಮೇಲೆ. ಅದಕ್ಕೆ ಪೈನ್ ಮರದ ಗೂಟಗಳನ್ನ ನೆಲಕ್ಕೆ ಹೊಡೆದು ಅವುಗಳ ಮೇಲೆ ಕಟ್ಟಿದ್ದಾರೆ. ಕೊರೆಯೆರುಸ್ ಬೀದಿಯ ಒಂದು ಬ್ಯಾಂಕಿನ ಕೆಳಗೆ ಅಗೆದಾಗ ಸಿಕ್ಕಿದ ಜಾಗವನ್ನ ಗೈಡ್ ಜೊತೆ ಇಳಿದು ನೋಡಬಹುದು: ರೋಮನ್ನರು ಮೀನು ಉಪ್ಪು ಹಾಕ್ತಿದ್ದ ತೊಟ್ಟಿಗಳು, ಅವುಗಳ ಪಕ್ಕದಲ್ಲೇ 18ನೇ ಶತಮಾನದ ಗೂಟಗಳು. ಮರ ಯಾಕೆ ಕೊಳೆತಿಲ್ಲ? ನೀರೊಳಗೆ ಮುಳುಗಿರೋದ್ರಿಂದ. ಗಾಳಿ ಸಿಗದೆ ಕೊಳೆಸೋ ಜೀವಿಗಳು ಬದುಕಲ್ಲ. ಅಂತರ್ಜಲ ಇಳಿದರೆ ಆ ಗೂಟಗಳಿಗೆ ಕಷ್ಟ ಶುರು. ಬೋರ್‌ವೆಲ್ ಊರಿನಿಂದ ಹೋದ ನಾವು ಅದನ್ನ ಕೇಳಿ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಇದಕ್ಕಿಂತ ಕೆಟ್ಟ ಸುದ್ದಿ ಅಂದರೆ, ನಂತರ ಬಂದ ಎಷ್ಟೋ ಮಾಲೀಕರು ಮೇಲೆ ಮಹಡಿ ಏರಿಸಿದ್ದಾರೆ, ಕೆಳಗೆ ಅಂಗಡಿ ದೊಡ್ಡದಾಗಲಿ ಅಂತ ಗೋಡೆ ತೆಗೆದಿದ್ದಾರೆ, ಪೈಪು ಹಾಯಿಸೋಕೆ ಓರೆ ತೊಲೆ ಕಡಿದಿದ್ದಾರೆ. ಗಿಲಾವು ಮುಚ್ಚಿರೋದ್ರಿಂದ ಯಾವ ಕಟ್ಟಡದ ಪಂಜರ ಪೂರ್ತಿ ಇದೆ, ಯಾವುದರದ್ದು ಇಲ್ಲ ಅಂತ ಬೀದಿಯಲ್ಲಿ ನಿಂತು ಹೇಳೋಕಾಗಲ್ಲ.

ಕಾಣದ ಜಾಗದ ಮಾತು ಬಂತು, ಇದನ್ನೂ ಹೇಳಬೇಕು. ಬೈಶಾದಿಂದ ಗುಡ್ಡದ ಕೇರಿಗಳಿಗೆ ಹೋಗೋಕೆ ಲಿಫ್ಟುಗಳಿವೆ. 1902ರ ಸಾಂತಾ ಜುಸ್ತಾ ಕಬ್ಬಿಣದ ಲಿಫ್ಟ್ 45 ಮೀಟರ್, ಮೇಲೆ ಹೋದರೆ ಭೂಕಂಪದಲ್ಲಿ ಚಾವಣಿ ಕಳಕೊಂಡು ಹಾಗೇ ನಿಂತಿರೋ ಕಾರ್ಮೊ ಚರ್ಚು. ಇನ್ನೊಂದು ಗ್ಲೋರಿಯಾ, 1885ರದು, ಹಳಿ ಮೇಲೆ ಏರ್ತಿದ್ದ ಹಳದಿ ಗಾಡಿ. ಎರಡು ಗಾಡಿಗಳನ್ನ ಒಂದೇ ಕೇಬಲ್‌ನಲ್ಲಿ ಕಟ್ಟಿರ್ತಿದ್ರು, ಒಂದು ಇಳಿದರೆ ಇನ್ನೊಂದು ಏರ್ತಿತ್ತು, ಬಾವಿಯ ಎರಡು ಕೊಡಗಳ ಹಾಗೆ. ನಾವು ಅದರಲ್ಲಿ ಎರಡು ಸಲ ಹೋದ್ವಿ, ಎರಡನೇ ಸಲ ಬರೀ ರೀಲ್ ಮಾಡೋಕೆ. ಸೆಪ್ಟೆಂಬರ್ 3ರಂದು ಆ ಕೇಬಲ್ ಗಾಡಿಗೆ ಕೂಡೋ ಜಾಗದಲ್ಲೇ ಬಿಟ್ಟುಹೋಯಿತು. ಬ್ರೇಕ್ ಹಾಕಿದರೂ ಕೇಬಲ್ ಇಲ್ಲದೆ ಗಾಡಿ ನಿಲ್ಲಲಿಲ್ಲ. 16 ಜನ ಸತ್ತರು. ಅವತ್ತು ಬೆಳಿಗ್ಗೆ ತಪಾಸಣೆ ಆಗಿತ್ತು, ಆದರೆ ಕೇಬಲ್ ಸೋತ ಜಾಗ ಬಿಚ್ಚದೆ ಕಣ್ಣಿಗೆ ಕಾಣೋ ಜಾಗವಲ್ಲ ಅಂತ ತನಿಖೆಯ ಮೊದಲ ವರದಿ ಹೇಳಿತು. ಹಾಸ್ಟೆಲ್‌ನಲ್ಲಿ ಸುದ್ದಿ ನೋಡಿದ ರಾತ್ರಿ ಮೆಕ್ಯಾನಿಕಲ್‌ನವಳು ಆ ರೀಲ್ ಡಿಲೀಟ್ ಮಾಡಿದಳು. ಕಾರಣ ನಾವ್ಯಾರೂ ಕೇಳಲಿಲ್ಲ.

ಎರಡನೇ ನಡಿಗೆ ಅಲ್ಫಾಮಾ. ಇದು ಕೋಟೆ ಗುಡ್ಡದ ಇಳಿಜಾರು. ಗಟ್ಟಿ ನೆಲ ಇದ್ದಿದ್ದರಿಂದ 1755ರಲ್ಲಿ ಪೆಟ್ಟು ತಿಂದರೂ ಬೈಶಾ ಹಾಗೆ ಅಳಿಸಿಹೋಗಲಿಲ್ಲ. ಹೆಸರು ಅರಬ್ಬಿಯದು, ಬಿಸಿನೀರಿನ ಬುಗ್ಗೆ ಅನ್ನೋ ಮಾತಿನಿಂದ ಬಂದದ್ದು. 1147ರಲ್ಲಿ ಅಫೊನ್ಸೊ ಎನ್ರಿಕೆಸ್ ಈ ಊರನ್ನ ಗೆಲ್ಲೋಕೆ ಮುಂಚೆ ಇಲ್ಲಿ ಮುಸ್ಲಿಮರ ಆಳ್ವಿಕೆ ಇತ್ತು, ಬೀದಿಗಳ ಸುತ್ತು ಬಳಸು ಆ ಕಾಲದ ನೆನಪು. ಎಲ್ಲಿ ನೋಡಿದರೂ ಮೆಟ್ಟಿಲು, ಸಂದಿ, ಮುಂದೆ ದಾರಿಯಿಲ್ಲದ ಓಣಿ. ಒಂದು ಕಡೆ ಹುಬ್ಬಳ್ಳಿಯವನು ಎರಡು ಕೈ ಚಾಚಿದ, ಎರಡೂ ಕಡೆಯ ಗೋಡೆ ಮುಟ್ಟಿತು. ಗೂಗಲ್ ಮ್ಯಾಪ್ ಇಲ್ಲಿ ಕೈ ಕೊಡುತ್ತೆ. ಜೂನ್ 12ರ ರಾತ್ರಿ ಸಂತ ಆಂತೋನಿಯ ಹಬ್ಬ, ಬೀದಿಯಲ್ಲೇ ಬೂತಾಯಿ ಸುಡ್ತಾರೆ, ಪುಟ್ಟ ಕುಂಡದಲ್ಲಿ ಕಾಮಕಸ್ತೂರಿ ಜಾತಿಯ ಗಿಡ ಇಟ್ಟು, ಅದಕ್ಕೊಂದು ಚುಟುಕ ಚುಚ್ಚಿ, ಇಷ್ಟದವರಿಗೆ ಕೊಡ್ತಾರೆ. ಜುಲೈನಲ್ಲೂ ಬಣ್ಣದ ಕಾಗದದ ತೋರಣ ಅಲ್ಲಲ್ಲಿ ಉಳಿದಿತ್ತು.

ಈ ದಿನದ ಗೈಡ್ ಇದೇ ಕೇರಿಯಲ್ಲಿ ಹುಟ್ಟಿದವರು, ಈಗ ನದಿಯಾಚೆ ಇರ್ತಾರೆ. ಒಂದು ತಿರುವಿನಲ್ಲಿ ನಿಲ್ಲಿಸಿ, ಗೋಡೆ ನೋಡಿ ಏನು ಕಾಣುತ್ತೆ ಹೇಳಿ ಅಂದ್ರು. ಹಿಂದಿನ ದಿನದ ಹುಮ್ಮಸ್ಸಿನಲ್ಲಿ ನಾವು ಅಂಚು, ಕಲ್ಲು, ಗಿಲಾವು ಅಂತ ಒದರಿದ್ವಿ. ಅವರು ತೋರಿಸಿದ್ದು ಬಾಗಿಲ ಪಕ್ಕ ಸಾಲಾಗಿ ನೇತಾಡ್ತಿದ್ದ ನಾಲ್ಕು ಪುಟ್ಟ ಡಬ್ಬಿ, ನಂಬರ್ ತಿರುಗಿಸಿದರೆ ತೆರೆಯೋವು, ಒಳಗೆ ಬೀಗದ ಕೈ. ಮೇಲೆ ಎ.ಎಲ್. ಅನ್ನೋ ಫಲಕ, ಅಂದರೆ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಮನೆ. ಒಂದು ಡಬ್ಬಿ ಅಂದರೆ ಒಂದು ಮನೆ, ಒಂದು ಮನೆ ಅಂದರೆ ಮೊದಲು ಇಲ್ಲಿದ್ದು ಈಗ ಇಲ್ಲದ ಒಂದು ಕುಟುಂಬ ಅಂತ ಎಣಿಸ್ಕೊಳ್ಳಿ ಅಂದ್ರು. ತಿಂಗಳ ಬಾಡಿಗೆಗಿಂತ ಒಂದು ವಾರದ ಪ್ರವಾಸಿಗಳೇ ಲಾಭ ಆದಾಗ ಮಾಲೀಕ ಯಾರನ್ನ ಇಟ್ಕೊಳ್ತಾನೆ? ಹಳೇ ಕರಾರು ಮುಗಿದ ಮೇಲೆ ಅವರ ಅಮ್ಮನಿಗೂ ಮನೆ ಬಿಡಿ ಅನ್ನೋ ಕಾಗದ ಬಂದಿತ್ತಂತೆ. ಭೂಕಂಪ ತೆಗೆಯಲಾರದವರನ್ನ ಇದು ತೆಗೀತು ಅಂತ ನಕ್ಕೊಂಡೇ ಹೇಳಿದ್ರು. ಪೊಂಬಾಲ್‌ನ ಬಾಡಿಗೆ ಆಜ್ಞೆ ನಮಗೆ ನೆನಪಾದದ್ದು ಅಲ್ಲಿ.

ಆಮೇಲೆ ಸಹಜವಾಗಿ ಕೇಳಿದ್ರು, ನೀವು ಎಲ್ಲಿ ಉಳ್ಕೊಂಡಿದ್ದೀರ ಅಂತ.

ನಾವು ಉಳ್ಕೊಂಡಿದ್ದು ಅಲ್ಫಾಮಾದಲ್ಲೇ. ಸಮ್ಮರ್ ಸ್ಕೂಲ್‌ನ ಹಾಸ್ಟೆಲ್ ತುಂಬಿತ್ತು, ಐದು ಜನ ಹಂಚಿಕೊಂಡರೆ ಇದೇ ಅಗ್ಗ, ಮನೆಯವರಿಗೆ ಅಷ್ಟಾದರೂ ಉಳಿಯಲಿ ಅಂತ ಬುಕ್ ಮಾಡಿದ್ವಿ. ನಮ್ಮ ಬಾಗಿಲ ಪಕ್ಕದಲ್ಲೂ ಅಂಥದ್ದೇ ಡಬ್ಬಿ. ಯಾರೂ ಬಾಯಿ ಬಿಡಲಿಲ್ಲ, ಕೊನೆಗೆ ಸಿವಿಲ್‌ನ ಒಬ್ಬಳು ಇಲ್ಲೇ ಹತ್ತಿರ ಅಂದಳು. ಗೈಡ್ ತಲೆಯಾಡಿಸಿ, ಈ ಕೆಲಸ ನಡೆಯೋದೂ ನಿಮ್ಮಂಥವರಿಂದಲೇ, ನಾನು ಬೈಯೋ ಹಾಗಿಲ್ಲ ಅಂದ್ರು. ಅವತ್ತು ರಾತ್ರಿ ನಾವು ವಾದ ಮಾಡಿದ್ವಿ. ನಾವು ಬರದಿದ್ದರೆ ಬೇರೆಯವರು ಬರ್ತಿದ್ರು ಅಂತ ಇಬ್ಬರು. ಹಾಗಂತ ಎಲ್ಲರೂ ಹೇಳ್ತಾರೆ ಅಂತ ಇಬ್ಬರು. ಕಂಪ್ಯೂಟರ್ ಸೈನ್ಸ್‌ನವನು, ನಾಳೆ ನಾನು ಕೋಡ್ ಬರೆಯೋದು ಇಂಥದ್ದೇ ಯಾವುದೋ ಆ್ಯಪ್‌ಗೆ ಇರಬಹುದು ಅಂತ ಹೇಳಿ ಮಲಗಲು ಹೋದ. ವಾದ ಇನ್ನೂ ಮುಗಿದಿಲ್ಲ.

ಮೂರನೇ ನಡಿಗೆ ಮೊರಾರಿಯಾ, ಕೋಟೆ ಗುಡ್ಡದ ಇನ್ನೊಂದು ಮಗ್ಗುಲು. 1147ರ ಮೇಲೆ ಉಳಿದ ಮುಸ್ಲಿಮರಿಗೆ ಅಂತ ಬಿಟ್ಟ ಕೇರಿ, ಹೆಸರೂ ಅದರಿಂದಲೇ. ಫಾದೊ ಹಾಡಿನ ದಂತಕಥೆಯಾದ ಮಾರಿಯಾ ಸೆವೇರಾ ಇದ್ದದ್ದು ಇಲ್ಲಿ, 1846ರಲ್ಲಿ 26ನೇ ವಯಸ್ಸಿಗೆ ತೀರಿಕೊಂಡಳು. ಇಲ್ಲಿನ ಒಂದು ಓಣಿಯಲ್ಲಿ ಕಮಿಲಾ ವಾಟ್ಸನ್ ಅನ್ನೋ ಛಾಯಾಗ್ರಾಹಕಿ ಕೇರಿಯ ಅಜ್ಜ ಅಜ್ಜಿಯರ ಫೋಟೊಗಳನ್ನ ಅವರವರ ಗೋಡೆಗಳ ಮೇಲೇ ಮೂಡಿಸಿದ್ದಾಳೆ. ಈಗ ಇಲ್ಲಿನ ಅಂಗಡಿಗಳಲ್ಲಿ ಬಾಂಗ್ಲಾದೇಶ, ನೇಪಾಳ, ಪಂಜಾಬದವರು. ಎರಡು ವಾರದಲ್ಲಿ ಮೊದಲ ಸಲ ಕೊತ್ತಂಬರಿ ವಾಸನೆ ಬಂತು. ಕೆಫೆಗಳ ಗಾಜಿನ ಪೆಟ್ಟಿಗೆಯಲ್ಲಿ ಶಮೂಸಾ ಅಂತ ಇಟ್ಟಿರ್ತಾರೆ, ನಮ್ಮ ಸಮೋಸಾನೇ.

ಮಾತಿನ ಆಟ ಶುರುವಾಗಿದ್ದು ಇಲ್ಲಿ. ಬೀಗದ ಕೈಗೆ ಪೋರ್ಚುಗೀಸ್‌ನಲ್ಲಿ ಶಾವ್ ಅಂತಾರೆ. ಹುಬ್ಬಳ್ಳಿಯವನು ಕೂಗಿಕೊಂಡ, ಏ, ನಮ್ಮ ಚಾವಿ! ಬೆಂಗಳೂರಿನ ನಾವು ಅವನು ಚಾವಿ ಅಂದಾಗೆಲ್ಲ ನಗ್ತಿದ್ವಿ, ಆ ದಿನದಿಂದ ನಗೋದು ಬಿಟ್ವಿ. ಬಟಾಟಿ ಅಲ್ಲಿ ಬತಾತಾ. ಪಾವ್ ಅಲ್ಲಿ ಪಾಂವ್. ಮಂಗಳೂರು ಕಡೆಯ ಇಗರ್ಜಿ ಅಲ್ಲಿ ಇಗ್ರೇಜಾ. ಸೈಟ್‌ನಲ್ಲಿ ನಾವು ಕರೆಯೋ ಮೇಸ್ತ್ರಿ ಅಲ್ಲಿನ ಮೆಸ್ತ್ರೆ, ಅಂದರೆ ಕಸುಬು ಬಲ್ಲ ಗುರು. ಈ ಮಾತುಗಳು ಹಡಗಿನಲ್ಲಿ ಬಂದದ್ದು ಮೆಣಸಿನ ಆಸೆಯ ಜೊತೆಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಅವರು ಕಾಳುಮೆಣಸಿನ ರಾಣಿ ಅಂತ ಕರೆದದ್ದು ನಮಗೆಲ್ಲ ಗೊತ್ತು. ಆ ವ್ಯಾಪಾರದ ಸುಂಕದ ದುಡ್ಡಿನಲ್ಲಿ ಎದ್ದದ್ದು ಬೆಲೆಂನ ಜೆರೊನಿಮುಸ್ ಮಠ, ವಾಸ್ಕೊ ಡ ಗಾಮನ ಸಮಾಧಿ ಇರೋದು ಅದರಲ್ಲಿ. ಅಲ್ಲಿ ಗೈಡ್ ಇಲ್ಲದೆ ಹೋದ್ವಿ. ಕೆತ್ತನೆ ಚೆನ್ನಾಗಿದೆ, ಕ್ಯೂ ಉದ್ದ ಇದೆ, ಅಷ್ಟು ಬಿಟ್ಟು ಏನೂ ತಲೆಗೆ ಹೋಗಲಿಲ್ಲ.

ಹೋಗೋರಿಗೆ ಎರಡು ಮಾತು. ಹಿಂದಿನ ರಾತ್ರಿ ಮ್ಯಾಪ್ ನೋಡಿ ಬೀದಿಗಳ ಆಕಾರವನ್ನ ಒಮ್ಮೆ ಕೈಯಲ್ಲಿ ಬರೆದುಕೊಳ್ಳಿ, ಚೌಕವೋ ಸಿಕ್ಕುಸಿಕ್ಕೋ ಅಂತ. ಗೈಡ್ ಕಥೆ ಹೇಳುವಾಗ ಅರ್ಧ ಗಮನ ಆಗ ಉಳಿಯುತ್ತೆ. ಮತ್ತೆ, ಅದೇ ಕೇರಿಯಲ್ಲಿ ಹುಟ್ಟಿದ ಗೈಡ್ ಸಿಕ್ಕರೆ ಬಿಡಬೇಡಿ, ಇಸವಿ ಒಂದೆರಡು ಹೆಚ್ಚುಕಮ್ಮಿ ಹೇಳಿದರೂ ಪರವಾಗಿಲ್ಲ, ಇಸವಿ ಆಮೇಲೆ ಹುಡುಕ್ಕೋಬಹುದು.

ಹೊರಡೋ ದಿನ ವಿಮಾನ ಬೆಳಗಿನ ಜಾವ. ನಮ್ಮ ಮನೆ ಎದುರು, ಕೈಯಳತೆಯ ಕಿಟಕಿಯಲ್ಲಿ, ಒಬ್ಬ ಅಜ್ಜಿ ಇರ್ತಿದ್ದರು. ಆ ಓಣಿಯಲ್ಲಿ ಡಬ್ಬಿ ಇಲ್ಲದ ಬಾಗಿಲು ಅವರದೊಂದೇ. ಕಲ್ಲುನೆಲದ ಮೇಲೆ ಸೂಟ್‌ಕೇಸ್ ಗಾಲಿ ಉರುಳೋ ಸದ್ದು ಎಷ್ಟು ಜೋರು ಅಂತ ಎರಡು ವಾರದಿಂದ ರಾತ್ರಿ ಹೊತ್ತು ಕೇಳಿದ್ವಿ. ಅದಕ್ಕೆ ಸೂಟ್‌ಕೇಸ್‌ಗಳನ್ನ ತಲೆ ಮೇಲೆ, ಹೆಗಲ ಮೇಲೆ ಹೊತ್ತು, ಚಪ್ಪಲಿ ಸದ್ದೂ ಆಗದ ಹಾಗೆ ಮೆಟ್ಟಿಲು ಇಳಿದ್ವಿ. ಅಜ್ಜಿ ಆಗಲೇ ಎದ್ದು ಕಿಟಕಿಯಲ್ಲಿ ನಿಂತಿದ್ದರು. ಏನೋ ಅಂದರು, ಅರ್ಥ ಆಗಲಿಲ್ಲ. ಹುಬ್ಬಳ್ಳಿಯವನು ಹೋಗಿ ಬರ್ತೀವಿ ಅಜ್ಜಿ ಅಂತ ಕನ್ನಡದಲ್ಲೇ ಹೇಳಿ, ಚಾವಿಯನ್ನ ಡಬ್ಬಿಯೊಳಗೆ ಹಾಕಿ ನಂಬರ್ ತಿರುಗಿಸಿದ. ಮಧ್ಯಾಹ್ನಕ್ಕೆ ಮುಂದಿನವರು ಬರೋರಿದ್ದರು.